ನೀರು ತಳ್ಳಿದರೆ ಪಟ್ಟಿ ಬಾಗುತ್ತದೆ: ಹರಿವು ಮತ್ತು ಬಾಗುವಿಕೆಯನ್ನು ಒಟ್ಟಿಗೆ ಸಿಮ್ಯುಲೇಟ್ ಮಾಡಲು ಸಮಗ್ರ ಮಾರ್ಗದರ್ಶಿ

ಹರಿವನ್ನು ಮಾತ್ರ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಈಗ ಅಂಥ ದೊಡ್ಡ ವಿಷಯವಲ್ಲ. ಮೆಕ್ಯಾನಿಕಲ್ ಓದಿದ ಬಹಳ ಜನ ಒಮ್ಮೆಯಾದರೂ ಮಾಡಿರುತ್ತಾರೆ. ಕಷ್ಟ ಶುರುವಾಗುವುದು ಹರಿವಿನ ಜೊತೆ ಇನ್ನೊಂದು ಸೇರಿಕೊಂಡಾಗ. ನೀರು ತಳ್ಳಿದರೆ ಪಟ್ಟಿ ಬಾಗುತ್ತದೆ. ಪಟ್ಟಿ ಬಾಗಿದರೆ ನೀರಿನ ದಾರಿ ಬದಲಾಗುತ್ತದೆ. ದಾರಿ ಬದಲಾದ ಮೇಲೆ ತಳ್ಳುವ ಬಲವೂ ಮೊದಲಿನಂತಿರುವುದಿಲ್ಲ. 1940ರ ನವೆಂಬರ್ 7ರಂದು ಅಮೆರಿಕದ ಟಕೋಮಾ ನ್ಯಾರೋಸ್ ತೂಗುಸೇತುವೆ ಗಂಟೆಗೆ ಸುಮಾರು 64 ಕಿ.ಮೀ. ವೇಗದ ಗಾಳಿಗೆ ತಿರುಚಿಕೊಂಡು ಬಿದ್ದದ್ದು ಇದೇ ಜಾತಿಯ ಕೊಡು-ಕೊಳ್ಳುವಿಕೆಯಿಂದ. ವಿಮಾನದ ರೆಕ್ಕೆಯ ಫ್ಲಟರ್ (ಗಾಳಿಗೆ ತಾನಾಗಿ ಏರುವ ಅಲುಗಾಟ), ಹೃದಯದ ಕವಾಟ, ಬಗ್ಗುವ ಪೈಪು ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ.

ಈ ಕೆಲಸ ಕಲಿಯುವವರು ಸಾಮಾನ್ಯವಾಗಿ ಮಾಡುವುದೇನೆಂದರೆ, ನೇರವಾಗಿ ತಮ್ಮ ಪ್ರಾಜೆಕ್ಟಿನ ಮಾಡೆಲ್ ಹಾಕಿ ಎರಡೂ ಸಾಲ್ವರ್ (ಹರಿವಿಗೊಂದು, ಬಾಗುವಿಕೆಗೊಂದು ಲೆಕ್ಕದ ಪ್ರೋಗ್ರಾಂ) ಜೋಡಿಸಿ ಓಡಿಸುವುದು. ಒಂದೋ ಅರ್ಧ ಸೆಕೆಂಡಿನಲ್ಲಿ ಸಂಖ್ಯೆಗಳು ಮಿತಿಮೀರಿ ಏರಿ ಲೆಕ್ಕ ಸ್ಫೋಟವಾಗುತ್ತದೆ, ಇಲ್ಲವೇ ಚೆಂದದ ಬಣ್ಣದ ವಿಡಿಯೊ ಬರುತ್ತದೆ. ಎರಡನೆಯದೇ ಜಾಸ್ತಿ ಅಪಾಯ. ಸರಿಯಾ ತಪ್ಪಾ ಎಂದು ಹೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಉತ್ತರ ಮೊದಲೇ ಗೊತ್ತಿರುವ ಒಂದು ಸಮಸ್ಯೆ ಹಿಡಿಯೋಣ. ಎರಡು ಬದಿಯನ್ನೂ ಬೇರೆ ಬೇರೆ ಪರೀಕ್ಷಿಸಿ, ಆಮೇಲಷ್ಟೇ ಜೋಡಿಸೋಣ.

## ಯಾವ ಸಮಸ್ಯೆ

2006ರಲ್ಲಿ ಡಾರ್ಟ್‌ಮುಂಡ್ ವಿಶ್ವವಿದ್ಯಾಲಯದ ಟುರೆಕ್ ಮತ್ತು ಹ್ರಾನ್ ಪ್ರಕಟಿಸಿದ ಪರೀಕ್ಷೆ ಇದಕ್ಕೆ ಹೇಳಿ ಮಾಡಿಸಿದಂತಿದೆ. 2.5 ಮೀಟರ್ ಉದ್ದ, 0.41 ಮೀಟರ್ ಎತ್ತರದ ಕಾಲುವೆ. ಎಡಗಡೆಯಿಂದ 0.2 ಮೀ., ಕೆಳಗಿನಿಂದ 0.2 ಮೀ. ದೂರದಲ್ಲಿ 0.05 ಮೀ. ತ್ರಿಜ್ಯದ ಗಟ್ಟಿ ಸಿಲಿಂಡರ್. ಅದರ ಹಿಂದೆ ಬಾಲದಂತೆ 0.35 ಮೀ. ಉದ್ದ, 0.02 ಮೀ. ದಪ್ಪದ ರಬ್ಬರಿನಂಥ ಪಟ್ಟಿ. ಇಡೀ ಲೆಕ್ಕ ಎರಡು ಆಯಾಮದ್ದು.

ಗಮನಿಸಿ: ಕಾಲುವೆಯ ನಡುಮಧ್ಯ 0.205 ಮೀ., ಸಿಲಿಂಡರಿನ ಕೇಂದ್ರ 0.2 ಮೀ. ಈ 5 ಮಿ.ಮೀ. ವ್ಯತ್ಯಾಸ ಬೇಕೆಂದೇ ಇಟ್ಟಿದ್ದು. ಎಲ್ಲ ಸರಿಸಮವಾಗಿದ್ದರೆ ಪಟ್ಟಿ ಯಾವಾಗ ಅಲುಗಾಡಲು ಶುರು ಮಾಡುತ್ತದೆ ಎಂಬುದು ಕಂಪ್ಯೂಟರಿನ ಸಣ್ಣ ದೋಷಗಳ ಮರ್ಜಿಗೆ ಬಿಟ್ಟಂತಾಗುತ್ತದೆ. ಮೆಶ್ (ಜಾಗವನ್ನು ಸಣ್ಣ ಸೆಲ್‌ಗಳಾಗಿ ಕತ್ತರಿಸಿದ ಜಾಲರಿ) ಮಾಡುವಾಗ «ಮಧ್ಯಕ್ಕೆ ತಂದರೆ ಸುಲಭ» ಎಂದು ಸರಿಸಬೇಡಿ.

ದ್ರವದ ಸಾಂದ್ರತೆ ಘನ ಮೀಟರಿಗೆ 1000 ಕೆಜಿ. ಕೈನೆಮ್ಯಾಟಿಕ್ ಸ್ನಿಗ್ಧತೆ ಸೆಕೆಂಡಿಗೆ 0.001 ಚದರ ಮೀಟರ್, ಅಂದರೆ ನೀರಿಗಿಂತ ಸಾವಿರ ಪಟ್ಟು (ಆದರೂ ಅನುಕೂಲಕ್ಕೆ ಇದನ್ನು ನೀರು ಎಂದೇ ಕರೆಯೋಣ). ಒಳಹರಿವು ಪ್ಯಾರಾಬೋಲಾ ಆಕಾರದ್ದು, ನಡುವಿನ ವೇಗ ಸರಾಸರಿಯ ಒಂದೂವರೆ ಪಟ್ಟು. ಅದನ್ನು ಒಮ್ಮೆಲೇ ಬಿಡಬಾರದು. ಮೊದಲ 2 ಸೆಕೆಂಡಿನಲ್ಲಿ ಸೊನ್ನೆಯಿಂದ ಪೂರ್ತಿ ವೇಗಕ್ಕೆ ಕೊಸೈನ್ ಆಕಾರದಲ್ಲಿ ನಿಧಾನವಾಗಿ ಏರಿಸಬೇಕು.

ಜೋಡಿಸಿದ ಪರೀಕ್ಷೆಗಳು ಮೂರು: ಎಫ್‌ಎಸ್‌ಐ1, ಎಫ್‌ಎಸ್‌ಐ2, ಎಫ್‌ಎಸ್‌ಐ3 (ಎಫ್‌ಎಸ್‌ಐ ಎಂದರೆ ದ್ರವ ಮತ್ತು ಘನದ ಕೊಡು-ಕೊಳ್ಳುವಿಕೆ). ನಮ್ಮ ಗುರಿ ಮೂರನೆಯದು. ಅದರಲ್ಲಿ ಸರಾಸರಿ ವೇಗ ಸೆಕೆಂಡಿಗೆ 2 ಮೀಟರ್, ಸಿಲಿಂಡರಿನ ವ್ಯಾಸ ಹಿಡಿದು ನೋಡಿದರೆ ರೆನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 200.

## ಸಾಫ್ಟ್‌ವೇರ್

ಎಲ್ಲ ಪುಕ್ಕಟೆ ಸಿಗುತ್ತದೆ. ಹರಿವಿಗೆ ಓಪನ್‌ಫೋಮ್. ಪಟ್ಟಿಗೆ ಡೀಲ್-ಟು ಅಥವಾ ಕ್ಯಾಲ್ಕ್ಯುಲಿಕ್ಸ್. ಇವೆರಡನ್ನು ಜೋಡಿಸಲು ಪ್ರಿಸೈಸ್ ಎಂಬ ಲೈಬ್ರರಿ. ಇದು ಮ್ಯೂನಿಕ್ ಮತ್ತು ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯಗಳಲ್ಲಿ ಬೆಳೆದದ್ದು. ಎಫ್‌ಎಸ್‌ಐ3ರ ಉದಾಹರಣೆ ಪ್ರಿಸೈಸ್‌ನ ಟ್ಯುಟೋರಿಯಲ್‌ಗಳಲ್ಲೇ ಇದೆ.

ಲಿನಕ್ಸ್ ಇದ್ದರೆ ಒಳ್ಳೆಯದು. ವಿಂಡೋಸ್‌ನವರು ಅದರೊಳಗಿನ ಲಿನಕ್ಸ್ ವ್ಯವಸ್ಥೆಯಲ್ಲಿ ಓಡಿಸಬಹುದು. ಓಪನ್‌ಫೋಮ್ ಎರಡು ಕವಲಾಗಿ ಹೊರಬರುತ್ತದೆ: ಡಾಟ್ ಕಾಮ್‌ನದು ಒಂದು, ಡಾಟ್ ಆರ್ಗ್‌ನದು ಇನ್ನೊಂದು. ಪ್ರಿಸೈಸ್‌ನ ಅಡಾಪ್ಟರ್ (ಓಪನ್‌ಫೋಮನ್ನು ಪ್ರಿಸೈಸ್‌ಗೆ ಸೇರಿಸುವ ಕೊಂಡಿ) ಮುಖ್ಯವಾಗಿ ಮೊದಲನೆಯದಕ್ಕೆ ಬರೆದದ್ದು, ಅದನ್ನೇ ಹಾಕಿಕೊಳ್ಳಿ. ಇನ್ನೊಂದು ಮಾತು: ಪ್ರಿಸೈಸ್‌ನ 2ನೇ ಆವೃತ್ತಿಗೆ ಬರೆದ ಕಾನ್ಫಿಗರೇಶನ್ ಫೈಲ್ 3ನೇ ಆವೃತ್ತಿಯಲ್ಲಿ ಹಾಗೇ ಓಡುವುದಿಲ್ಲ. ಎಲ್ಲಿಂದಲೋ ನಕಲು ಮಾಡಿದ ಫೈಲ್ ಕೈಕೊಟ್ಟರೆ ಮೊದಲು ಆವೃತ್ತಿ ನೋಡಿ.

ಓಪನ್‌ಫೋಮ್ ಮುಟ್ಟಿಯೇ ಇಲ್ಲ ಅನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಆರಂಭದ ಪಾಠಗಳಿವೆ. ಅವನ್ನು ಮುಗಿಸಿ ಇಲ್ಲಿಗೆ ಬನ್ನಿ.

## ಮೊದಲ ಹೆಜ್ಜೆ: ನೀರು ಮಾತ್ರ

ಪಟ್ಟಿಯನ್ನು ಕಬ್ಬಿಣದಷ್ಟು ಗಟ್ಟಿ ಎಂದುಕೊಳ್ಳಿ. ಮೆಶ್ ಅಲುಗಾಡುವುದಿಲ್ಲ, ಪ್ರಿಸೈಸ್ ಬೇಕಿಲ್ಲ. ಸಿಲಿಂಡರ್ ಮತ್ತು ಪಟ್ಟಿ ಎರಡರ ಮೇಲಿನ ಒಟ್ಟು ಬಲ ಅಳೆಯಿರಿ. ಬರೀ ಸಿಲಿಂಡರಿನದು ಅಳೆದರೆ ಯಾವ ಸಂಖ್ಯೆಯೂ ಹೊಂದುವುದಿಲ್ಲ.

ಮೊದಲು ನಿಧಾನದ ಹರಿವು, ಸರಾಸರಿ ಸೆಕೆಂಡಿಗೆ 0.2 ಮೀಟರ್. ಇದಕ್ಕೆ ಸಿಎಫ್‌ಡಿ1 ಎಂದು ಹೆಸರು (ಸಿಎಫ್‌ಡಿ ಎಂದರೆ ಬರೀ ಹರಿವಿನ ಲೆಕ್ಕ). ಹರಿವು ಸ್ಥಿರವಾದ ಮೇಲೆ ಡ್ರ್ಯಾಗ್ (ಹರಿವಿನ ದಿಕ್ಕಿನ ಬಲ) 14.29, ಲಿಫ್ಟ್ (ಮೇಲೆ-ಕೆಳಗಿನ ಬಲ) 1.119 ನ್ಯೂಟನ್ ಬರಬೇಕು. ಡ್ರ್ಯಾಗ್ ಒರಟು ಮೆಶ್‌ನಲ್ಲೂ ಸುಮಾರಾಗಿ ಬಂದುಬಿಡುತ್ತದೆ. ಲಿಫ್ಟ್ ಹಾಗಲ್ಲ. ಮೇಲಿನ ಮತ್ತು ಕೆಳಗಿನ ಒತ್ತಡದ ಸಣ್ಣ ವ್ಯತ್ಯಾಸವೇ ಅದು. ಮೆಶ್ ಸರಿಯಿದೆಯೇ ಎಂದು ತಿಳಿಯಲು ಲಿಫ್ಟ್ ನೋಡಿ.

ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವ ಎರಡು ಜಾಗಗಳಿವೆ. ಓಪನ್‌ಫೋಮ್‌ನಲ್ಲಿ ಎರಡು ಆಯಾಮದ ಲೆಕ್ಕಕ್ಕೂ ಮೆಶ್‌ಗೆ ಮೂರನೇ ದಿಕ್ಕಿನಲ್ಲಿ (ಪರದೆಯೊಳಕ್ಕೆ) ಒಂದು ದಪ್ಪ ಇರುತ್ತದೆ. ಪರೀಕ್ಷೆಯ ಸಂಖ್ಯೆಗಳು ಒಂದು ಮೀಟರ್ ದಪ್ಪಕ್ಕೆ ಕೊಟ್ಟಿರುವುದು. ನಿಮ್ಮ ಮೆಶ್ 0.05 ಮೀ. ದಪ್ಪವಿದ್ದರೆ ಬಲ ಇಪ್ಪತ್ತನೇ ಒಂದು ಪಾಲು ಬರುತ್ತದೆ. ಅದು ತಪ್ಪಲ್ಲ, ಆ ದಪ್ಪದಿಂದ ಭಾಗಿಸಿ ನೋಡಿ ಅಷ್ಟೆ. ಆದರೆ ಮುಂದೆ ಪಟ್ಟಿಯ ಮೆಶ್ ಕೂಡ ಅಷ್ಟೇ ದಪ್ಪ ಇರಲೇಬೇಕು. ಎರಡನೆಯದು, ಸಂಕುಚಿತವಾಗದ ಹರಿವಿನ ಸಾಲ್ವರ್ ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿಯೇ ಇಟ್ಟುಕೊಂಡಿರುತ್ತದೆ. ಬಲ ಬೇಕಾದಾಗ ಸಾಂದ್ರತೆ 1000 ಎಂದು ನೀವೇ ಹೇಳಬೇಕು. ಬಲ ಅಳೆಯುವ ಕಡೆಯೂ ಹೇಳಬೇಕು, ಅಡಾಪ್ಟರಿನ ಫೈಲಿನಲ್ಲೂ ಹೇಳಬೇಕು. ಅಡಾಪ್ಟರಿನಲ್ಲಿ 1 ಎಂದು ಉಳಿದುಬಿಟ್ಟರೆ ಲೆಕ್ಕ ಅಚ್ಚುಕಟ್ಟಾಗಿ ಓಡುತ್ತದೆ, ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಪಟ್ಟಿ ಮಾತ್ರ ಜಪ್ಪಯ್ಯ ಅಂದರೂ ಅಲುಗಾಡುವುದಿಲ್ಲ.

ಆಮೇಲೆ ವೇಗವನ್ನು 2 ಮೀಟರಿಗೆ ಏರಿಸಿ. ಇದು ಸಿಎಫ್‌ಡಿ3. ಈಗ ಹಿಂದೆ ಸುಳಿಗಳು ಹುಟ್ಟಿ ಬಲ ಏರಿಳಿಯುತ್ತದೆ. ಡ್ರ್ಯಾಗ್ 439.45 ± 5.62, ಲಿಫ್ಟ್ −11.89 ± 437.81, ಸೆಕೆಂಡಿಗೆ ಸುಮಾರು 4.4 ಸಲ. ಈ ಲಿಫ್ಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

## ಎರಡನೆಯದು: ಪಟ್ಟಿ ಮಾತ್ರ

ನೀರು ತೆಗೆದುಹಾಕಿ. ಪಟ್ಟಿಯ ಸಾಂದ್ರತೆ 1000, ಪಾಯ್ಸನ್ ಅನುಪಾತ (ಎಳೆದಾಗ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಎಂಬುದು) 0.4, ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಗಟ್ಟಿ ಎಂಬುದರ ಅಳತೆ) 14 ಲಕ್ಷ ಪಾಸ್ಕಲ್. ಗುರುತ್ವ ಸೆಕೆಂಡಿನ ವರ್ಗಕ್ಕೆ 2 ಮೀಟರ್ ಎಂದು ಕೊಟ್ಟು ಬಿಡಿ. ತುದಿ 66.10 ಮಿ.ಮೀ. ಕೆಳಗೆ ಇಳಿಯಬೇಕು, 7.19 ಮಿ.ಮೀ. ಒಳಗೆ ಎಳೆದುಕೊಳ್ಳಬೇಕು. ಇದು ಸಿಎಸ್‌ಎಂ1 (ಸಿಎಸ್‌ಎಂ ಎಂದರೆ ಬರೀ ಘನದ ಲೆಕ್ಕ).

ಇದನ್ನು ಕಾಗದದ ಮೇಲೂ ಪರೀಕ್ಷಿಸಬಹುದು. ಒಂದು ಕಡೆ ಹಿಡಿದ ತೊಲೆಯ ಸೂತ್ರ ಗೊತ್ತಲ್ವಾ: ಭಾರ ಗುಣಿಸು ಉದ್ದದ ನಾಲ್ಕನೇ ಘಾತ, ಭಾಗಿಸು ಎಂಟು ಪಟ್ಟು ಬಿಗಿತ. ಒಂದು ಮೀಟರ್ ದಪ್ಪಕ್ಕೆ ಭಾರ ಮೀಟರಿಗೆ 40 ನ್ಯೂಟನ್. ಎರಡು ಆಯಾಮದ ಈ ಲೆಕ್ಕ ಪ್ಲೇನ್ ಸ್ಟ್ರೇನ್ (ಆ ಮೂರನೇ ದಿಕ್ಕಿನಲ್ಲಿ ಹಿಗ್ಗಲು ಬಿಡದ ಲೆಕ್ಕ) ಆದ್ದರಿಂದ 14 ಲಕ್ಷವನ್ನು 0.84ರಿಂದ ಭಾಗಿಸಬೇಕು. ಹಾಗೆ ಬಿಗಿತ 1.11 ಆಗುತ್ತದೆ. ಉತ್ತರ 67.5 ಮಿ.ಮೀ. ಸರಳ ಸೂತ್ರ ದೊಡ್ಡ ಬಾಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ. ಆ 0.84ರ ಭಾಗಾಕಾರ ಬಿಟ್ಟರೆ 80 ಮಿ.ಮೀ. ಬರುತ್ತದೆ. ಆದ್ದರಿಂದ ನಿಮ್ಮ ಸಾಲ್ವರ್ 80ರ ಆಸುಪಾಸು ಹೇಳಿದರೆ ಕಾರಣ ಹುಡುಕುವುದು ಬೇಡ. ದಪ್ಪದ ದಿಕ್ಕಿನ ಚಲನೆಯನ್ನು ಕಟ್ಟಿಹಾಕಲು ಮರೆತಿದ್ದೀರಿ, ಪಟ್ಟಿ ಅಡ್ಡಡ್ಡಲಾಗಿ ಹಿಗ್ಗುತ್ತಿದೆ.

ಉಲ್ಟಾ, 66ಕ್ಕಿಂತ ತುಂಬಾ ಕಡಿಮೆ ಬಂದರೆ ಎಲಿಮೆಂಟ್ (ಪಟ್ಟಿಯ ಮೆಶ್‌ನ ಸಣ್ಣ ತುಂಡು) ಯಾವ ಬಗೆಯದು ನೋಡಿ. ಒಂದನೇ ದರ್ಜೆಯ ಸಾದಾ ಇಟ್ಟಿಗೆ ಎಲಿಮೆಂಟ್‌ಗಳಿಗೆ ಸರಿಯಾಗಿ ಬಾಗಲು ಬರುವುದಿಲ್ಲ, ಇರುವುದಕ್ಕಿಂತ ಗಟ್ಟಿಯಾಗಿ ವರ್ತಿಸುತ್ತವೆ. ಎರಡನೇ ದರ್ಜೆಯವನ್ನು ಹಾಕಿ. ದೊಡ್ಡ ಬಾಗುವಿಕೆಯ ಆಯ್ಕೆ ಆನ್ ಆಗಿದೆಯೇ ಎಂದು ತಿಳಿಯಲು ಆ 7.19 ನೋಡಿದರೆ ಸಾಕು. ಆಫ್ ಆಗಿದ್ದರೆ ತುದಿ ನೆಟ್ಟಗೆ ಕೆಳಗಿಳಿಯುತ್ತದೆ, ಒಳಗೆ ಎಳೆದುಕೊಳ್ಳುವುದೇ ಇಲ್ಲ.

ಎಫ್‌ಎಸ್‌ಐ3ರ ಪಟ್ಟಿ ಇದರ ನಾಲ್ಕು ಪಟ್ಟು ಗಟ್ಟಿ, 56 ಲಕ್ಷ ಪಾಸ್ಕಲ್. ಅದನ್ನೂ ಒಮ್ಮೆ ಓಡಿಸಿ: 16.97 ಮಿ.ಮೀ. ಬರಬೇಕು.

## ಮೂರನೆಯದು: ಗಡಿಯಲ್ಲಿ ಏನು ದಾಟಬೇಕು

ಈಗ ಜೋಡಿಸೋಣ. ಹರಿವಿನ ಸಾಲ್ವರ್ ಬಲ ಕಳಿಸುತ್ತದೆ, ಪಟ್ಟಿಯ ಸಾಲ್ವರ್ ಎಷ್ಟು ಸರಿದೆ ಎಂದು ವಾಪಸ್ ಹೇಳುತ್ತದೆ. ಇಷ್ಟೇ ವ್ಯವಹಾರ. ಎರಡೂ ಕಡೆಯ ಮೆಶ್ ಬಿಂದುಗಳು ಒಂದರ ಮೇಲೊಂದು ಕೂರುವುದಿಲ್ಲ, ಹಾಗಾಗಿ ನಡುವೆ ಮ್ಯಾಪಿಂಗ್ ಬೇಕು. ಬಲಕ್ಕೆ «ಕನ್ಸರ್ವೇಟಿವ್» ಬಗೆ ಆರಿಸಿ: ಒಂದು ಕಡೆ ಹೊರಟ ಒಟ್ಟು ಬಲ ಇನ್ನೊಂದು ಕಡೆ ಅಷ್ಟೇ ಮುಟ್ಟಬೇಕು. ಸರಿತಕ್ಕೆ «ಕನ್ಸಿಸ್ಟೆಂಟ್» ಬಗೆ: ಪಟ್ಟಿ 3 ಮಿ.ಮೀ. ಸರಿದರೆ ಪಕ್ಕದ ನೀರಿನ ಬಿಂದುಗಳೂ 3 ಮಿ.ಮೀ. ಸರಿಯಬೇಕು. ಇವೆರಡು ಅದಲು ಬದಲಾದರೆ ಬಿಂದುಗಳು ಎಲ್ಲೆಲ್ಲಿಗೋ ಹಾರುತ್ತವೆ. ಹತ್ತಿರದ ಬಿಂದುವಿಗೆ ಹಾಗೇ ಕೊಡುವ ಸರಳ ಮ್ಯಾಪಿಂಗ್ ಸರಿತಕ್ಕೆ ಬೇಡ. ಮೇಲ್ಮೈ ಮೆಟ್ಟಿಲು ಮೆಟ್ಟಿಲಾಗುತ್ತದೆ. ಸುತ್ತಲಿನ ಬಿಂದುಗಳನ್ನು ನುಣುಪಾಗಿ ಬೆರೆಸುವ ರೇಡಿಯಲ್ ಬೇಸಿಸ್ ಮ್ಯಾಪಿಂಗ್ ಹಾಕಿ.

ಪಟ್ಟಿಯ ಮೇಲಿನ ನೀರಿನ ಗಡಿಗೆ «ಚಲಿಸುವ ಗೋಡೆಯ ವೇಗ» ಎಂಬ ಷರತ್ತು ಕೊಡಬೇಕು. ಹಳೇ ಕೇಸಿನಿಂದ ಬಂದ «ಅಂಟಿಕೊಂಡ ನಿಂತ ಗೋಡೆ» ಹಾಗೇ ಉಳಿದರೆ ಗೋಡೆ ಸರಿಯುತ್ತದೆ, ನೀರಿಗೆ ಮಾತ್ರ ಅದು ನಿಂತಿದೆ ಎಂದೇ ಲೆಕ್ಕ.

ಮೆಶ್ ಸರಿಸಲು ಲ್ಯಾಪ್ಲಾಸ್ ಸಮೀಕರಣದ ವಿಧಾನ ಸಾಕು. ಪಟ್ಟಿಯ ಹತ್ತಿರದ ಸೆಲ್‌ಗಳು ಪಟ್ಟಿಯ ಜೊತೆಗೇ ಹೋಗಬೇಕು, ದೂರದ ದೊಡ್ಡ ಸೆಲ್‌ಗಳು ಹಿಗ್ಗಿ ಕುಗ್ಗಬೇಕು. ಅದಕ್ಕೆ ಡಿಫ್ಯೂಸಿವಿಟಿಯನ್ನು (ಸೆಲ್‌ಗಳು ಎಷ್ಟು ಬಿಗಿಯಾಗಿ ಒಟ್ಟಿಗೆ ಸರಿಯಬೇಕು ಎಂಬ ಸಂಖ್ಯೆಯನ್ನು) ಪಟ್ಟಿಯಿಂದ ಇರುವ ದೂರಕ್ಕೆ ವಿಲೋಮವಾಗಿ ಇಡಿ. ಮೊದಲು ಕೆಡುವುದು ಪಟ್ಟಿಯ ತುದಿಯ ಎರಡು ಮೂಲೆಗಳು. ಫಲಿತಾಂಶ ನೋಡುವ ತಂತ್ರಾಂಶ ಪ್ಯಾರಾವ್ಯೂನಲ್ಲಿ ಅಲ್ಲಿಗೇ ಝೂಮ್ ಮಾಡಿ ನೋಡುತ್ತಿರಿ.

## ನಾಲ್ಕನೆಯದು: ಒಂದೇ ಸಾಂದ್ರತೆಯ ಕಾಟ

ಇಡೀ ಕೆಲಸದಲ್ಲಿ ಅರ್ಥಮಾಡಿಕೊಂಡೇ ಮುಂದೆ ಹೋಗಬೇಕಾದ ಭಾಗ ಇದು. ಉಳಿದದ್ದನ್ನು ಟ್ಯುಟೋರಿಯಲ್ ನೋಡಿಕೊಂಡು ಮಾಡಿಬಿಡಬಹುದು.

ಸರಳ ಜೋಡಣೆ ಹೀಗಿರುತ್ತದೆ: ಪ್ರತಿ ಟೈಮ್ ಸ್ಟೆಪ್‌ನಲ್ಲಿ (ಲೆಕ್ಕ ಮುಂದೆ ಸಾಗುವ ಸಮಯದ ಸಣ್ಣ ತುಣುಕು) ನೀರಿನ ಲೆಕ್ಕ ಒಮ್ಮೆ, ಪಟ್ಟಿಯ ಲೆಕ್ಕ ಒಮ್ಮೆ, ಮುಂದಿನ ಸ್ಟೆಪ್‌ಗೆ ನಡೆ. ಗಾಳಿಯಲ್ಲಿ ಅಲ್ಯೂಮಿನಿಯಂ ರೆಕ್ಕೆಗೆ ಇದು ನಡೆಯುತ್ತದೆ. ಅಲ್ಯೂಮಿನಿಯಂ ಸಾಂದ್ರತೆ 2700, ಗಾಳಿಯದು 1.2. ಗಾಳಿ ಎಷ್ಟೇ ತಳ್ಳಿದರೂ ರೆಕ್ಕೆ ಒಮ್ಮೆಲೇ ಓಡುವುದಿಲ್ಲ.

ನಮ್ಮ ಪಟ್ಟಿ ಹಾಗಲ್ಲ. ಒಂದು ಚದರ ಮೀಟರ್ ಪಟ್ಟಿಯ ತೂಕ ಬರೀ 20 ಕೆಜಿ. ಅದು ಬಾಗುವಾಗ ಜೊತೆಗೆ ಎಳೆದುಕೊಂಡು ಹೋಗಬೇಕಾದ ನೀರು ಅದಕ್ಕಿಂತ ಬಹಳ ಜಾಸ್ತಿ. ನೀರಿನ ಸಾಲ್ವರ್ ಒಂದು ಬಲ ಹೇಳುತ್ತದೆ. ನೀರಿನ ತೂಕ ಗೊತ್ತಿಲ್ಲದ ಪಟ್ಟಿಯ ಸಾಲ್ವರ್ ಆ ಬಲಕ್ಕೆ ಪಟ್ಟಿಯನ್ನು ವಿಪರೀತ ದೂರ ಎಸೆಯುತ್ತದೆ. ಅಷ್ಟು ವೇಗವಾಗಿ ಸರಿದ ಗೋಡೆಯನ್ನು ಕಂಡ ನೀರು ಇನ್ನೂ ದೊಡ್ಡ ಬಲದಿಂದ ವಾಪಸ್ ತಳ್ಳುತ್ತದೆ. ಪ್ರತಿ ಸುತ್ತಿಗೂ ಬಲದ ಚಿಹ್ನೆ ಬದಲಾಗುತ್ತದೆ, ಗಾತ್ರ ಏರುತ್ತದೆ. ಲಾಗ್ ಫೈಲಿನಲ್ಲಿ ತುದಿಯ ಸರಿತ ಪ್ಲಸ್, ಮೈನಸ್, ಪ್ಲಸ್, ಮೈನಸ್ ಎಂದು ದ್ವಿಗುಣವಾಗುತ್ತಾ ಹೋದರೆ ಇದೇ ರೋಗ. ಹೆಸರು ಆ್ಯಡೆಡ್ ಮಾಸ್ ಎಫೆಕ್ಟ್.

ಇಂಥ ಕಡೆ ಎಲ್ಲರ ಕೈಯೂ ಮೊದಲು ಹೋಗುವುದು ಟೈಮ್ ಸ್ಟೆಪ್‌ಗೆ. ಚಿಕ್ಕದು ಮಾಡಿದರೆ ಸರಿಹೋಗುತ್ತದೆ ಅಂತ. ಇಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಸಂಕುಚಿತವಾಗದ ದ್ರವದಲ್ಲಿ ಗೋಡೆ ಅದೇ ದೂರವನ್ನು ಕಡಿಮೆ ಸಮಯದಲ್ಲಿ ಸರಿದರೆ ಬೇಕಾಗುವ ಬಲ ಇನ್ನೂ ಜಾಸ್ತಿ. ಸ್ಟೆಪ್ ಚಿಕ್ಕದಾದಷ್ಟೂ ಬೇಗ ಸ್ಫೋಟ. ಇಂಥ ಕಡೆ ಸ್ಟೆಪ್ ಎಷ್ಟೇ ಚಿಕ್ಕದು ಮಾಡಿದರೂ ಸರಳ ಜೋಡಣೆ ನಿಲ್ಲುವುದಿಲ್ಲ ಎಂದು 2005ರಲ್ಲಿ ಕೋಸಾಂ, ಜೆರ್ಬೊ ಮತ್ತು ನೋಬಿಲೆ ಗಣಿತದಲ್ಲೇ ತೋರಿಸಿದರು. ಅವರ ಪ್ರೇರಣೆ ರಕ್ತನಾಳಗಳು. ರಕ್ತದ ಸಾಂದ್ರತೆ ಸುಮಾರು 1060, ನಾಳದ ಗೋಡೆಯದೂ ಹೆಚ್ಚುಕಡಿಮೆ ಅಷ್ಟೇ.

ದಾರಿ ಒಂದೇ: ಒಂದೇ ಟೈಮ್ ಸ್ಟೆಪ್‌ನೊಳಗೆ ಇಬ್ಬರನ್ನೂ ಮತ್ತೆ ಮತ್ತೆ ಮಾತಾಡಿಸಿ, ಒಪ್ಪಂದಕ್ಕೆ ಬಂದ ಮೇಲೆ ಮುಂದಿನ ಸ್ಟೆಪ್‌ಗೆ ಹೋಗುವುದು. ಪ್ರಿಸೈಸ್‌ನಲ್ಲಿ ಇದಕ್ಕೆ ಇಂಪ್ಲಿಸಿಟ್ ಕಪ್ಲಿಂಗ್ ಎಂದು ಹೆಸರು. ಸುಮ್ನೆ ಪುನರಾವರ್ತಿಸಿದರೆ ಅಲ್ಲೂ ಅದೇ ಏರಿಳಿತ. ಬಂದ ಉತ್ತರದ ಒಂದು ಪಾಲು ಮಾತ್ರ ಒಪ್ಪಿಕೊಳ್ಳುತ್ತಾ ಹೋಗಬೇಕು. ಆ ಪಾಲನ್ನು ಪ್ರತಿ ಸುತ್ತಿಗೂ ತಾನೇ ತಿದ್ದಿಕೊಳ್ಳುವ ಐಟ್ಕೆನ್ ವಿಧಾನ ಸರಳ, ಆದರೆ ಈ ಪಟ್ಟಿಗೆ ನಿಧಾನ. ಹಿಂದಿನ ಸುತ್ತುಗಳನ್ನು ನೆನಪಿಟ್ಟುಕೊಂಡು ಮುಂದಿನ ಹೆಜ್ಜೆ ಊಹಿಸುವ ಕ್ವಾಸಿ-ನ್ಯೂಟನ್ ವಿಧಾನವನ್ನೇ ಹಾಕಿ. ಆರಂಭದ ಪಾಲು 0.1 ಇರಲಿ. ಒಪ್ಪಂದದ ಮಿತಿ ಬಲಕ್ಕೂ ಸರಿತಕ್ಕೂ ಹತ್ತು ಸಾವಿರದಲ್ಲೊಂದು ಇರಲಿ.

ಒಂದು ಸ್ಟೆಪ್‌ಗೆ ಎಷ್ಟು ಸುತ್ತು ಬೇಕಾಯಿತು ಎಂದು ಪ್ರಿಸೈಸ್ ಒಂದು ಫೈಲಿನಲ್ಲಿ ಬರೆಯುತ್ತದೆ. ಅದನ್ನು ದಿನಾ ನೋಡಿ. ಕೆಲವೇ ಸುತ್ತಿನಲ್ಲಿ ಮುಗಿಯುತ್ತಿದ್ದರೆ ಆರೋಗ್ಯ ಚೆನ್ನಾಗಿದೆ. ಪ್ರತಿ ಸಲ ಗರಿಷ್ಠ ಮಿತಿ ಮುಟ್ಟಿ ಮುಂದೆ ಹೋಗುತ್ತಿದ್ದರೆ ವಿಡಿಯೊ ಎಷ್ಟೇ ಚೆಂದ ಇದ್ದರೂ ನಂಬಬೇಡಿ. ಒಪ್ಪಂದ ಆಗದೆಯೇ ಸಹಿ ಹಾಕಿದ ಲೆಕ್ಕ ಅದು.

## ಐದನೆಯದು: ಓಡಿಸುವುದು

ನೇರ ಎಫ್‌ಎಸ್‌ಐ3ಗೆ ಹಾರಬೇಡಿ. ಮೊದಲು ಎಫ್‌ಎಸ್‌ಐ1: ವೇಗ 0.2 ಮೀಟರ್, ಮೆತ್ತಗಿನ ಪಟ್ಟಿ. ಕೊನೆಗೆ ಎಲ್ಲ ನಿಂತುಬಿಡುತ್ತದೆ. ತುದಿ ಮೇಲಕ್ಕೆ 0.8209 ಮಿ.ಮೀ. ಸರಿಯಬೇಕು, ಡ್ರ್ಯಾಗ್ 14.295, ಲಿಫ್ಟ್ 0.7638. ಇದನ್ನು ಸಿಎಫ್‌ಡಿ1ರ ಪಕ್ಕ ಇಟ್ಟು ನೋಡಿ. ತುದಿ ಒಂದು ಮಿಲಿಮೀಟರ್ ಕೂಡ ಸರಿದಿಲ್ಲ, ಡ್ರ್ಯಾಗ್ ಹಾಗೇ ಇದೆ, ಲಿಫ್ಟ್ ಮಾತ್ರ ಮೂರನೇ ಒಂದು ಪಾಲು ಇಳಿದಿದೆ. ನಿಮ್ಮಲ್ಲಿ ಲಿಫ್ಟ್ ಇನ್ನೂ 1.1ರ ಹತ್ತಿರ ಕೂತಿದ್ದರೆ ಸರಿತ ನೀರಿನ ಮೆಶ್‌ಗೆ ತಲುಪುತ್ತಿಲ್ಲ ಎಂದೇ ಅರ್ಥ.

ಎರಡು ಟರ್ಮಿನಲ್ ತೆರೆದು ಒಂದರಲ್ಲಿ ನೀರು, ಇನ್ನೊಂದರಲ್ಲಿ ಪಟ್ಟಿ ಶುರು ಮಾಡಿ. ಯಾವುದು ಮೊದಲು ಶುರುವಾದರೂ ಇನ್ನೊಂದಕ್ಕೆ ಕಾಯುತ್ತದೆ. ಒಂದು ಕೆಟ್ಟು ನಿಂತರೆ ಇನ್ನೊಂದು ಕೆಲವೊಮ್ಮೆ ಸುಮ್ಮನೆ ನೇತಾಡುತ್ತಿರುತ್ತದೆ. ಎರಡನ್ನೂ ನಿಲ್ಲಿಸಿ, ಪ್ರಿಸೈಸ್ ತಾತ್ಕಾಲಿಕವಾಗಿ ಮಾಡಿಕೊಂಡ ಫೋಲ್ಡರ್ ಅಳಿಸಿ, ಆಮೇಲೆ ಮತ್ತೆ ಶುರು ಮಾಡಿ. ಅದನ್ನು ಅಳಿಸದಿದ್ದರೆ ಹೊಸ ಓಟ ಹಳೇ ವಿಳಾಸ ಹುಡುಕಿಕೊಂಡು ಹೋಗುತ್ತದೆ.

ಎಫ್‌ಎಸ್‌ಐ3ಕ್ಕೆ ಟೈಮ್ ಸ್ಟೆಪ್ 0.001 ಸೆಕೆಂಡ್ ಇಡಿ. ಪಟ್ಟಿ ಸೆಕೆಂಡಿಗೆ 5.3 ಸಲ ಆಡುತ್ತದೆ, ಅಂದರೆ ಒಂದು ಆಟಕ್ಕೆ ಸುಮಾರು 190 ಸ್ಟೆಪ್ ಸಿಗುತ್ತದೆ. ಲ್ಯಾಪ್‌ಟಾಪ್‌ನಲ್ಲೂ ಆಗುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿ. ಪಟ್ಟಿಯ ತುದಿಯಲ್ಲಿ ಪ್ರಿಸೈಸ್‌ನ ವಾಚ್‌ಪಾಯಿಂಟ್ ಇಟ್ಟರೆ ಇಡೀ ಫೀಲ್ಡ್ ಬರೆಯದೆಯೇ ಪ್ರತಿ ಸ್ಟೆಪ್‌ನ ಸರಿತ ಸಿಗುತ್ತದೆ. ಹಾರ್ಡ್‌ಡಿಸ್ಕ್ ಉಳಿಯುತ್ತದೆ.

## ಉತ್ತರ ಓದುವುದು

ಆರಂಭದ ಸೆಕೆಂಡುಗಳನ್ನು ಎಸೆದುಬಿಡಿ. ಆಟ ಒಂದೇ ಸಮನಾಗಿ ನಿಂತ ಮೇಲಿನ ಕೊನೆಯ ಕೆಲವು ಸುತ್ತು ಮಾತ್ರ ತೆಗೆದುಕೊಳ್ಳಿ. ಈ ಪರೀಕ್ಷೆಯಲ್ಲಿ «ಸರಾಸರಿ» ಎಂದರೆ ಗರಿಷ್ಠ ಮತ್ತು ಕನಿಷ್ಠದ ನಡು, ಸಮಯದ ಸರಾಸರಿ ಅಲ್ಲ. ಎಕ್ಸೆಲ್‌ನಲ್ಲಿ ಆವರೇಜ್ ಹಾಕಿದರೆ ಬೇರೆ ಸಂಖ್ಯೆ ಬರುತ್ತದೆ.

ತುದಿಯ ಮೇಲೆ-ಕೆಳಗಿನ ಚಲನೆ 1.48 ± 34.38 ಮಿ.ಮೀ., ಸೆಕೆಂಡಿಗೆ 5.3 ಸಲ. ಹಿಂದೆ-ಮುಂದಿನದು −2.69 ± 2.53 ಮಿ.ಮೀ., ಸೆಕೆಂಡಿಗೆ 10.9 ಸಲ. ಎರಡನೆಯದು ಹೆಚ್ಚುಕಡಿಮೆ ದುಪ್ಪಟ್ಟು ಯಾಕೆ? ಪಟ್ಟಿ ಮೇಲೆ ಬಾಗಿದಾಗಲೂ ತುದಿ ಒಳಗೆ ಬರುತ್ತದೆ, ಕೆಳಗೆ ಬಾಗಿದಾಗಲೂ ಒಳಗೇ ಬರುತ್ತದೆ. ನಿಮ್ಮ ಗ್ರಾಫಿನಲ್ಲಿ ಈ ದುಪ್ಪಟ್ಟು ಕಾಣದಿದ್ದರೆ ಉಳಿದ ಸಂಖ್ಯೆ ನೋಡುವ ಅಗತ್ಯವೇ ಇಲ್ಲ.

ಡ್ರ್ಯಾಗ್ 457.3 ± 22.66, ಲಿಫ್ಟ್ 2.22 ± 149.78. ಬರೆದಿಟ್ಟುಕೊಂಡ ಸಿಎಫ್‌ಡಿ3ರ ಲಿಫ್ಟ್ ಈಗ ತೆಗೆಯಿರಿ: ± 437.81 ಇತ್ತು. ಪಟ್ಟಿ ಬಾಗಲು ಬಿಟ್ಟ ತಕ್ಷಣ ಲಿಫ್ಟ್‌ನ ಏರಿಳಿತ ಮೂರನೇ ಒಂದು ಪಾಲಿಗೆ ಬಂತು, ಡ್ರ್ಯಾಗ್‌ನ ಏರಿಳಿತ ನಾಲ್ಕು ಪಟ್ಟಾಯಿತು, ಏರಿಳಿತ ಸೆಕೆಂಡಿಗೆ 4.4 ಸಲದಿಂದ 5.3 ಸಲಕ್ಕೆ ಏರಿತು. ಗಟ್ಟಿ ಪಟ್ಟಿಯ ಲೆಕ್ಕ ನಂಬಿಕೊಂಡು ಸಿಲಿಂಡರಿನ ಬೋಲ್ಟ್ ಗಾತ್ರ ನಿರ್ಧರಿಸಿದ್ದರೆ ಒಂದು ಕಡೆ ಸುಮ್ಮನೆ ಕಬ್ಬಿಣ ದಂಡ, ಇನ್ನೊಂದು ಕಡೆ ಕಂಪನದ ಲೆಕ್ಕವೇ ತಪ್ಪು.

ಎಫ್‌ಎಸ್‌ಐ2 ಕಡೆಗೆ ಇಡಿ. ಅದರಲ್ಲಿ ಪಟ್ಟಿ ಹತ್ತು ಪಟ್ಟು ಭಾರ, ಹಾಗಾಗಿ ಜೋಡಣೆ ಸಲೀಸು. ಆದರೆ ತುದಿ ± 80.6 ಮಿ.ಮೀ. ಬೀಸುತ್ತದೆ, ಗೋಡೆಗೆ ಉಳಿಯುವ ಜಾಗ 200ರಿಂದ 120 ಮಿ.ಮೀ.ಗೆ ಇಳಿಯುತ್ತದೆ, ಮೆಶ್ ಹಿಂಡಿಹೋಗುತ್ತದೆ. ಅಲ್ಲಿನ ಜಗಳ ಪೂರಾ ಮೆಶ್‌ನ ಜೊತೆ.

## ಬಿಸಿಯ ಲೆಕ್ಕಕ್ಕೆ

ಹೀಟ್ ಸಿಂಕ್, ಎಂಜಿನ್ ಕೂಲಿಂಗ್‌ನಂಥ ಕೆಲಸಕ್ಕೂ ಇದೇ ಕ್ರಮ: ಹರಿವು ಬೇರೆ, ಲೋಹ ಬೇರೆ, ಆಮೇಲೆ ಜೋಡಣೆ. ಗಡಿಯಲ್ಲಿ ಒಂದು ಕಡೆಯಿಂದ ತಾಪ, ಇನ್ನೊಂದು ಕಡೆಯಿಂದ ಶಾಖದ ಹರಿವು ದಾಟುತ್ತದೆ. ಮೆಶ್ ಅಲುಗಾಡುವುದಿಲ್ಲ, ಆ್ಯಡೆಡ್ ಮಾಸ್ ಕಾಟವಿಲ್ಲ. ಅಲ್ಲಿ ತಲೆನೋವು ಕಾಲದ್ದು. ಗಾಳಿ ಕ್ಷಣಾರ್ಧದಲ್ಲಿ ಬದಲಾಗುತ್ತದೆ, ಲೋಹದ ಗಟ್ಟಿ ಬಿಸಿಯಾಗಲು ನಿಮಿಷಗಟ್ಟಲೆ ಬೇಕು. ಎರಡಕ್ಕೂ ಒಂದೇ ಟೈಮ್ ಸ್ಟೆಪ್ ಹಾಕಿ ಕೂತರೆ ವಾರ ಕಳೆದರೂ ಮುಗಿಯುವುದಿಲ್ಲ. ಕೊನೆಯ ಸ್ಥಿರ ತಾಪ ಮಾತ್ರ ಬೇಕಿದ್ದರೆ ಲೋಹದ ಕಡೆ ಸಮಯವನ್ನೇ ತೆಗೆದುಹಾಕಿ ಸ್ಥಿರ ಸ್ಥಿತಿಯ ಲೆಕ್ಕ ಓಡಿಸಿ, ಗಾಳಿಯ ಕಡೆಯಿಂದ ಸರಾಸರಿ ಶಾಖ ಮಾತ್ರ ಆಗಾಗ ಕಳಿಸಿ.